ಬಾಡಿಗೆಯ ಹಣ ಮತ್ತು ಅರ್ಥಶುದ್ಧಿ: ಮಲೆನಾಡಿನ ಲಾರಿ ಚಾಲಕರ ದುಡಿಮೆಯ ಕುರಿತು ಒಂದು ಧರ್ಮವಿಚಾರ

ಕೈಗೆ ಬಂದ ಹಣದಲ್ಲಿ ತನ್ನದೆಷ್ಟು, ಪರರದೆಷ್ಟು ಎಂಬ ಪ್ರಶ್ನೆ ಭಾರತೀಯ ಧರ್ಮಚಿಂತನೆಯಲ್ಲಿ ಬಹಳ ಹಳೆಯದು. ಮಣ್ಣು ನೀರುಗಳಿಂದ ಮೈ ತೊಳೆದುಕೊಳ್ಳುವ ಶುದ್ಧಿಗಿಂತ ಹಣದ ವ್ಯವಹಾರದಲ್ಲಿ ಶುದ್ಧನಾಗಿರುವುದೇ ಮಿಗಿಲಾದ ಶುದ್ಧಿ ಎಂದು ಮನುಸ್ಮೃತಿಯ ಐದನೆಯ ಅಧ್ಯಾಯ ಹೇಳುತ್ತದೆ. ಗಳಿಕೆಯ ಈ ಶುದ್ಧಿಯನ್ನೇ ಶಾಸ್ತ್ರಕಾರರು ಅರ್ಥಶೌಚ ಎಂದೂ ಅರ್ಥಶುದ್ಧಿ ಎಂದೂ ಕರೆದರು. ಈ ಚರ್ಚೆ ನಡೆದಾಗಲೆಲ್ಲ ಅರಸ, ವರ್ತಕ, ಭೂಮಾಲೀಕ, ಪುರೋಹಿತ ಇವರೇ ವಿಚಾರಕರ ಕಣ್ಣೆದುರಿಗೆ ಇದ್ದರೇ ಹೊರತು, ಪರರ ಸರಕನ್ನು ಪರರು ಗೊತ್ತುಮಾಡಿದ ದರಕ್ಕೆ, ಎಷ್ಟೋ ವೇಳೆ ಪರರ ವಾಹನದಲ್ಲಿಯೇ ಸಾಗಿಸಿ ಜೀವನ ನಡೆಸುವ ಮನುಷ್ಯ ಅಪರೂಪಕ್ಕೆ ಮಾತ್ರ ಕಾಣಿಸಿಕೊಂಡಿದ್ದಾನೆ. ಲಾರಿ ಚಾಲಕನ ಗಳಿಕೆಯನ್ನು ಧರ್ಮದ ದೃಷ್ಟಿಯಿಂದ ನೋಡುವುದಾದರೆ ಆತನಿಗೆ ತೃಪ್ತಿಯನ್ನೂ ಮಿತವ್ಯಯವನ್ನೂ ಬೋಧಿಸಿ ಮುಗಿಸುವುದು ಸುಲಭದ ದಾರಿ. ಆದರೆ ಆ ಹಣ ಆತನ ಕೈಗೆ ಬರುವ ಮೊದಲು ಎಷ್ಟು ಕೈಗಳನ್ನು ದಾಟಿದೆ, ಆತನ ಕೈಯಿಂದ ಎಷ್ಟು ಕೈಗಳಿಗೆ ಹೋಗಬೇಕಾಗಿದೆ ಎಂಬುದನ್ನು ನೋಡದೆ ಕೊಟ್ಟ ಬೋಧನೆ ಅನ್ಯಾಯದ್ದಾಗುತ್ತದೆ.

ಈ ವಿಚಾರಕ್ಕೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಹಣ ಮತ್ತು ದುಡಿಮೆಯನ್ನು ಕುರಿತು ಬೇರೆ ಬೇರೆಯಾಗಿ ಆಲೋಚಿಸಿದ ಪರಂಪರೆಗಳು ಇಲ್ಲಿ ಒಂದೆರಡು ಗಂಟೆಯ ಪ್ರಯಾಣದ ಒಳಗೆ ನೆರೆಹೊರೆಯಾಗಿವೆ ಎಂಬುದು ಮೊದಲನೆಯದು: ತುಂಗೆಯ ದಡದಲ್ಲಿ ಅದ್ವೈತದ ಶೃಂಗೇರಿ ಶಾರದಾ ಪೀಠ, ಭದ್ರೆಯ ದಡದ ಬಾಳೆಹೊನ್ನೂರಿನಲ್ಲಿ ವೀರಶೈವ ಪಂಚಪೀಠಗಳಲ್ಲಿ ಒಂದಾದ ರಂಭಾಪುರಿ ಪೀಠ, ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಜೈನ ಕ್ಷೇತ್ರ, ಪೇಟೆಗಳಲ್ಲಿ ಮಸೀದಿಗಳು, ಕೇರಳದಿಂದ ಬಂದು ನೆಲೆಸಿದ ಕೃಷಿಕರ ಚರ್ಚುಗಳು. ಎರಡನೆಯದಾಗಿ, ಇಲ್ಲಿನ ಬದುಕು ಪೂರ್ತಿಯಾಗಿ ರಸ್ತೆ ಸಾಗಣೆಯನ್ನೇ ನಂಬಿದೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಓಡುತ್ತಿದ್ದ ಕಿರಿದಾದ ಹಳಿಯ ರೈಲು ಎಂದೋ ಮರೆಯಾಯಿತು. ಇಂದು ಮೂರು ತಾಲ್ಲೂಕುಗಳಲ್ಲಿಯೂ ರೈಲಿಲ್ಲ. ಅಡಿಕೆ ಶಿವಮೊಗ್ಗದ ಮಂಡಿಗೆ ಹೋಗುವುದೂ, ಕಾಫಿ ಚಿಕ್ಕಮಗಳೂರು ಹಾಸನಗಳ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಹೋಗುವುದೂ, ಹಿಂದಿರುಗುವಾಗ ಗೊಬ್ಬರ, ಸಿಮೆಂಟು, ಅಕ್ಕಿ, ಜಲ್ಲಿ ಬರುವುದೂ ಲಾರಿಯಲ್ಲಿಯೇ. ಕರಾವಳಿಗೆ ಇಳಿಯಬೇಕಾದ ಭಾರದ ಲಾರಿಗಳಿಗೆ ಆಗುಂಬೆ ಘಾಟಿಯ ಕಡಿದಾದ ತಿರುವುಗಳು ಒಗ್ಗುವುದಿಲ್ಲವಾದ್ದರಿಂದ ಅವು ರಾಷ್ಟ್ರೀಯ ಹೆದ್ದಾರಿ 169ನ್ನು ಹಿಡಿದು ಶೃಂಗೇರಿ, ಕೆರೆಕಟ್ಟೆಗಳ ಮೂಲಕ ಮಾಳ ಘಾಟಿ ಇಳಿದು ಕಾರ್ಕಳ ಸೇರುತ್ತವೆ.

ಈ ಸೀಮೆಯ ಗಳಿಕೆಗೆ ಒಂದು ಋತುಮಾನವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮನೆ ಕಟ್ಟುವ ಕೆಲಸ ನಿಲ್ಲುತ್ತದೆ, ಮರಳೂ ಕಲ್ಲೂ ನಿಲ್ಲುತ್ತವೆ, ಗುಡ್ಡ ಜರಿದರೆ ದಾರಿಯೇ ನಿಲ್ಲುತ್ತದೆ. ಅಡಿಕೆ ಕೊಯ್ಲು ಶುರುವಾಗಿ ಕಾಫಿ ಹಣ್ಣಾಗುವ ತಿಂಗಳುಗಳಲ್ಲಿ ಲಾರಿಗೆ ಬಿಡುವಿಲ್ಲ. ಶೃಂಗೇರಿ ಕೊಪ್ಪಗಳ ಎಷ್ಟೋ ತೋಟಗಳನ್ನು ಹಳದಿ ಎಲೆ ರೋಗ ಬಡವಾಗಿಸಿರುವುದರಿಂದ, ತೋಟದವನ ನಷ್ಟದ ಒಂದು ಪಾಲು ಲೋಡು ಸಿಗದ ದಿನಗಳಾಗಿ ಚಾಲಕನ ಮನೆಯನ್ನೂ ಮುಟ್ಟುತ್ತದೆ. ಹೀಗೆ ದುಡಿಮೆ ವರ್ಷದ ಕೆಲವು ತಿಂಗಳಲ್ಲಿ ತುಂಬಿ ಬರುವಾಗ, ಬ್ಯಾಂಕಿನ ಕಂತು, ಮಕ್ಕಳ ಶಾಲೆಯ ಫೀಸು, ಮನೆಯ ಅಕ್ಕಿ ಇವು ಮಾತ್ರ ಹನ್ನೆರಡು ತಿಂಗಳೂ ತಪ್ಪದೆ ಬರುತ್ತವೆ.

ಒಂದು ಟ್ರಿಪ್ಪಿನ ಬಾಡಿಗೆಯನ್ನು ಬಿಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಶೃಂಗೇರಿಯಿಂದ ಮಂಗಳೂರಿಗೆ ಹೋಗಿ ಬರಲು ಸುಮಾರು 210 ಕಿಲೋಮೀಟರ್. ತನ್ನ ಲಾರಿಯನ್ನು ತಾನೇ ಓಡಿಸುವವನು, ಅಂದರೆ ಪೇಟೆಯ ಮಾತಿನಲ್ಲಿ ಓನರ್ ಕಮ್ ಡ್ರೈವರ್, ಈ ಓಡಾಟಕ್ಕೆ 12,000 ರೂಪಾಯಿ ಪಡೆದನೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಬಹುದು. ಘಾಟಿಯ ಏರಿಳಿತದಲ್ಲಿ ಆರು ಚಕ್ರದ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಐವತ್ತೆರಡು ಲೀಟರಿಗೂ ಮಿಕ್ಕ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿಯಂತೆ ಅದು 4,725 ರೂಪಾಯಿ. ಕ್ಲೀನರ್‌ನ ಬಾಟಾ, ಊಟ, ದಾರಿಯ ಖರ್ಚು, ಹಮಾಲಿ ಇವೆಲ್ಲ ಕಣ್ಣಿಗೆ ಕಾಣುವ ಖರ್ಚುಗಳಾದ್ದರಿಂದ ಇವನ್ನು ಯಾರೂ ಮರೆಯುವುದಿಲ್ಲ. ಮರೆತುಹೋಗುವುದು ಟೈರು. ಒಂದು ಟೈರಿಗೆ 20,000 ರೂಪಾಯಿ, ಅದರ ಬಾಳಿಕೆ 50,000 ಕಿಲೋಮೀಟರ್ ಎಂದು ಹಿಡಿದರೆ ಆರು ಟೈರುಗಳು ಪ್ರತಿ ಕಿಲೋಮೀಟರಿಗೆ 2 ರೂಪಾಯಿ 40 ಪೈಸೆಯಷ್ಟು ಸವೆಯುತ್ತವೆ. ಶೃಂಗೇರಿ ಮಂಗಳೂರಿನ ಒಂದು ಓಡಾಟದಲ್ಲಿ 504 ರೂಪಾಯಿ ಹೀಗೆ ರಸ್ತೆಯ ಮೇಲೆ ಉಳಿದುಬಿಡುತ್ತದೆ. ಆ ದಿನ ಅದನ್ನು ಯಾರೂ ಕೇಳುವುದಿಲ್ಲ, ಯಾವ ರಸೀದಿಯಲ್ಲಿಯೂ ಅದು ಇಲ್ಲ. ಇನ್ಶೂರೆನ್ಸ್, ವಾಹನದ ತೆರಿಗೆ, ವಾಹನ ಓಡಲು ಯೋಗ್ಯವಾಗಿದೆ ಎಂದು ಸಾರಿಗೆ ಕಚೇರಿ ಕೊಡುವ ಎಫ್‌ಸಿ, ಎಂಜಿನ್ ಕೆಲಸ ಇವುಗಳ ಪಾಲೂ ಇದೇ ರೀತಿ ಸದ್ದಿಲ್ಲದೆ ಆ 12,000ದೊಳಗೆ ಕುಳಿತಿರುತ್ತದೆ. ಸಂಜೆ ಜೇಬಿನಲ್ಲಿ ಉಳಿದ ಆರೇಳು ಸಾವಿರವನ್ನು ಇಂದಿನ ದುಡಿಮೆ ಎಂದು ಎಣಿಸಿ ಮನೆಗೆ ಕೊಂಡೊಯ್ದವನು, ಮುಂದಿನ ಮಳೆಗಾಲದಲ್ಲಿ ನುಣುಪಾದ ಟೈರಿನ ಮೇಲೆ ಘಾಟಿ ಇಳಿಯಬೇಕಾಗುತ್ತದೆ, ಇಲ್ಲವೇ ಬಡ್ಡಿಗೆ ಸಾಲ ಎತ್ತಬೇಕಾಗುತ್ತದೆ.

ಇಲ್ಲಿ ಒಂದು ಧಾರ್ಮಿಕ ಆಕ್ಷೇಪ ಏಳುತ್ತದೆ. ನಾಳಿನದನ್ನು ಲೆಕ್ಕ ಹಾಕಿ ತೆಗೆದಿಡುವುದು ದೇವರ ಮೇಲಿನ ಭರವಸೆಯ ಕೊರತೆಯನ್ನು ತೋರಿಸುವುದಿಲ್ಲವೇ, ಎಲ್ಲವನ್ನೂ ಶಾರದೆಯೋ ಮಂಜುನಾಥನೋ ನೋಡಿಕೊಳ್ಳುವಾಗ ಮನುಷ್ಯನ ಈ ಚಿಂತೆ ಏಕೆ ಎಂಬ ಪ್ರಶ್ನೆಯನ್ನು ಭಕ್ತರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಶೃಂಗೇರಿಯ ಪರಂಪರೆಯ ಮೂಲಪುರುಷರಾದ ಶಂಕರರೇ ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ತನ್ನನ್ನೇ ಅನನ್ಯವಾಗಿ ಚಿಂತಿಸುವವರ ಯೋಗಕ್ಷೇಮವನ್ನು ತಾನು ಹೊರುವುದಾಗಿ ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣ ಹೇಳುವಲ್ಲಿ, ಇಲ್ಲದ್ದನ್ನು ದೊರಕಿಸಿಕೊಳ್ಳುವುದು ಯೋಗವೆಂದೂ ದೊರೆತದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮವೆಂದೂ ಅವರು ಭಾಷ್ಯದಲ್ಲಿ ವಿವರಿಸುತ್ತಾರೆ. ಆ ಬಳಿಕ, ಉಳಿದ ಭಕ್ತರ ಯೋಗಕ್ಷೇಮವನ್ನು ಭಗವಂತ ಹೊರುವುದಿಲ್ಲವೇ ಎಂಬ ಶಂಕೆಯನ್ನು ತಾವೇ ಎತ್ತಿ, ಹೊರುತ್ತಾನೆ, ಆದರೆ ಅವರು ತಮ್ಮ ಸಲುವಾಗಿ ತಾವೂ ಪ್ರಯತ್ನಿಸುತ್ತಾರೆ, ಅನನ್ಯದರ್ಶಿಗಳು ಹಾಗೆ ತಮಗಾಗಿ ಬಯಸುವುದಿಲ್ಲ, ಇಷ್ಟೇ ವ್ಯತ್ಯಾಸ ಎಂದು ಸಮಾಧಾನ ಹೇಳುತ್ತಾರೆ. ಎಲ್ಲವನ್ನೂ ಬಿಟ್ಟ ಸಂನ್ಯಾಸಿಗೆ ಹೇಳಿದ ನಿಶ್ಚಿಂತೆಯನ್ನು ಗೃಹಸ್ಥನ ಮೇಲೆ ಹೇರಲಾಗದು ಎಂಬುದು ಇದರಿಂದ ತಿಳಿಯುತ್ತದೆ. ಮನೆಯಲ್ಲಿ ಐದಾರು ಜನರನ್ನು ಸಾಕುವ ಚಾಲಕ ಟೈರಿನ ಹಣವನ್ನು ಬೇರೆಯಾಗಿ ಇಟ್ಟರೆ ಆತನ ಭಕ್ತಿಗೆ ಅದರಿಂದ ಕುಂದಿಲ್ಲ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ದೇವರಲ್ಲಿ ಭರವಸೆಯಿಡು ಎಂಬ ಅರ್ಥದ ಬುದ್ಧಿವಾದವನ್ನು ಪ್ರವಾದಿ ಮುಹಮ್ಮದರು ಒಬ್ಬನಿಗೆ ಹೇಳಿದರೆಂದು ಇಸ್ಲಾಮಿನ ಹದೀಸ್, ಅಂದರೆ ಪ್ರವಾದಿಯ ನಡೆನುಡಿಗಳ ಸಂಗ್ರಹಗಳಲ್ಲಿ ಒಂದಾದ ತಿರ್ಮಿಝಿ ದಾಖಲಿಸುತ್ತದೆ. ಸರಕು ಸಾಗಣೆಯ ಸಮಾಜದಲ್ಲಿ ಹುಟ್ಟಿದ ಈ ಮಾತು ಸ್ಟ್ಯಾಂಡಿನಲ್ಲಿ ಲಾರಿ ನಿಲ್ಲಿಸಿ ಲೋಡಿಗಾಗಿ ಕಾಯುವವರಿಗೆ ಬೇಗ ಅರ್ಥವಾಗುವಂಥದ್ದು.

ನವರಾತ್ರಿಯ ಆಯುಧಪೂಜೆಯಂದು ಮಲೆನಾಡಿನ ಪ್ರತಿಯೊಂದು ಲಾರಿಯೂ ತೊಳೆಸಿಕೊಂಡು, ಬಾಳೆಕಂದು ಮಾವಿನ ತೋರಣ ಕಟ್ಟಿಸಿಕೊಂಡು, ಕುಂಬಳಕಾಯಿ ಒಡೆಸಿಕೊಂಡು, ಚಕ್ರದಡಿಯ ನಿಂಬೆಹಣ್ಣನ್ನು ಮೆಟ್ಟಿ ಮುಂದೆ ಸಾಗುತ್ತದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಅನ್ನ ಕೊಡುವ ಉಪಕರಣಕ್ಕೂ ಒಂದು ಹಕ್ಕಿದೆ, ಅದು ಬರಿಯ ಜಡವಸ್ತುವಲ್ಲ ಎಂಬ ಅರಿವು ಈ ಪೂಜೆಯಲ್ಲಿದೆ. ಆ ಹಕ್ಕನ್ನು ಒಪ್ಪಿದವನು ಉಳಿದ ದಿನಗಳಲ್ಲಿಯೂ ಅದನ್ನು ಸಲ್ಲಿಸಬೇಕು. ಟ್ರಿಪ್ಪಿಗೆ ಐನೂರು ರೂಪಾಯಿಯಂತೆ ಟೈರಿನ ಪಾಲನ್ನು ಅಂಚೆ ಕಚೇರಿಯಲ್ಲೋ ಸಹಕಾರ ಸಂಘದಲ್ಲೋ ಕಟ್ಟುತ್ತ ಹೋಗುವುದು ಆಯುಧಪೂಜೆಯ ಮುಂದುವರಿಕೆ ಎಂದೇ ತಿಳಿಯಬೇಕು.

ಇದಕ್ಕೆ ಎದುರಾಗಿ ನಿಲ್ಲುವಂತೆ ಕಾಣುವ ವಿಚಾರ ಶರಣ ಪರಂಪರೆಯದು. ಹನ್ನೆರಡನೆಯ ಶತಮಾನದ ಶರಣರು ದೇಹ ದಂಡಿಸಿ ಮಾಡುವ ಸತ್ಯಶುದ್ಧ ದುಡಿಮೆಯನ್ನು ಕಾಯಕವೆಂದೂ, ಆ ದುಡಿಮೆಯ ಫಲವನ್ನು ಸಮುದಾಯದೊಡನೆ ಹಂಚಿಕೊಳ್ಳುವುದನ್ನು ದಾಸೋಹವೆಂದೂ ಕರೆದು, ಎರಡನ್ನೂ ಪೂಜೆಗೆ ಸಮನಾಗಿ ನಿಲ್ಲಿಸಿದರು. ದೋಣಿ ದಾಟಿಸುತ್ತಿದ್ದ ಅಂಬಿಗರ ಚೌಡಯ್ಯನನ್ನು, ಕಟ್ಟಿಗೆ ಹೊರುತ್ತಿದ್ದ ಮೋಳಿಗೆಯ ಮಾರಯ್ಯನನ್ನು ನೆನೆದರೆ ಹೊರುವ, ಸಾಗಿಸುವ ಕೆಲಸವೂ ಈ ಪರಂಪರೆಯಲ್ಲಿ ಗೌರವದ ಸ್ಥಾನ ಪಡೆದಿತ್ತೆಂಬುದು ತಿಳಿಯುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಆತನ ಹೆಂಡತಿ ಲಕ್ಕಮ್ಮ ಹೆಚ್ಚಿನ ಪಾಲನ್ನು ಆಯ್ದ ಜಾಗಕ್ಕೇ ಹಿಂದಿರುಗಿಸಿ ಬರುವಂತೆ ಹೇಳಿದಳೆಂಬ ಕಥೆ ಕನ್ನಡ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಹೆಚ್ಚು ಅಕ್ಕಿ ಬೇಡವೆಂದ ಲಕ್ಕಮ್ಮ ನಾಳೆಗೆಂದು ತೆಗೆದಿಟ್ಟ ಹಣವನ್ನು ಒಪ್ಪುತ್ತಿದ್ದಳೇ ಎಂಬ ಪ್ರಶ್ನೆಯನ್ನು ಹಗುರವಾಗಿ ಬಿಡುವಂತಿಲ್ಲ.

ಕಥೆಯನ್ನು ನಿಧಾನವಾಗಿ ನೋಡಿದರೆ ಲಕ್ಕಮ್ಮನ ಆಕ್ಷೇಪ ಇರುವುದು ಅಗತ್ಯಕ್ಕೆ ಮಿಕ್ಕಿ ಇನ್ನೊಬ್ಬರ ಪಾಲಿನಿಂದ ಎತ್ತಿಕೊಂಡದ್ದರ ಮೇಲೆ, ಆಸೆ ಬಡವನ ಮನೆಗೆ ಹೊಕ್ಕುದರ ಮೇಲೆ. ಟೈರಿಗೆಂದು ಇಟ್ಟ ಹಣ ಆ ಬಗೆಯ ಹೆಚ್ಚಳದ ಸಾಲಿಗೆ ಸೇರುವುದಿಲ್ಲ; ಅದು ಸವೆದುಹೋದದ್ದರ ಭರ್ತಿ, ಚಾಲಕನ ಸ್ವಂತದ್ದೆಂದು ಹೇಳಲೂ ಬಾರದ ಹಣ. ಲಾರಿ ವೃತ್ತಿಯಲ್ಲಿ ಲಕ್ಕಮ್ಮ ಹಿಂದಿರುಗಿಸೆಂದ ಅಕ್ಕಿಗೆ ಸರಿಸಮನಾದದ್ದು ಯಾವುದೆಂದರೆ ಓವರ್‌ಲೋಡು. ವಾಹನಕ್ಕೆ ಕಾನೂನು ಒಪ್ಪಿದ ತೂಕಕ್ಕಿಂತ ಎರಡು ಮೂರು ಟನ್ ಹೆಚ್ಚಿಗೆ ಹೇರಿದಾಗ ಸಿಗುವ ಹೆಚ್ಚಿನ ಬಾಡಿಗೆ ಬೇರೆ ಯಾರದೋ ಪಾಲಿನಿಂದ ಬಂದದ್ದು: ಆ ಭಾರಕ್ಕೆ ಕುಸಿಯುವ ರಸ್ತೆ ಊರಿನವರದು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೋದರೆ ಎದುರಿಗೆ ಬರುವ ಬಸ್ಸಿನಲ್ಲಿರುವ ಜೀವಗಳು ಪರರವು, ಕ್ಯಾಬಿನ್ನಿನಲ್ಲಿ ಪಕ್ಕಕ್ಕೆ ಕುಳಿತ ಕ್ಲೀನರ್ ಹುಡುಗನ ಜೀವ ಅವನ ತಾಯಿಯದು. ಜೈನ ಆಚಾರ್ಯ ಹೇಮಚಂದ್ರರು ಹನ್ನೆರಡನೆಯ ಶತಮಾನದಲ್ಲಿ ಬರೆದ ಯೋಗಶಾಸ್ತ್ರದಲ್ಲಿ ಶ್ರಾವಕರು, ಅಂದರೆ ಗೃಹಸ್ಥ ಜೈನರು, ಬಿಡಬೇಕಾದ ಹದಿನೈದು ಜೀವನೋಪಾಯಗಳನ್ನು ಎಣಿಸುವಾಗ ಗಾಡಿಗಳಿಂದ ಬದುಕುವುದನ್ನೂ ಬಾಡಿಗೆಗೆ ಭಾರ ಹೊರಿಸುವುದನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದು, ಹೊರುವ ಪ್ರಾಣಿಗೂ ಚಕ್ರದಡಿಯ ಜೀವಕ್ಕೂ ಆಗುವ ಹಿಂಸೆಯ ಕಾರಣಕ್ಕಾಗಿ. ಶ್ವೇತಾಂಬರ ಪರಂಪರೆಯ ಈ ಕಟ್ಟುನಿಟ್ಟನ್ನು ಇಂದಿನ ಮಲೆನಾಡಿಗೆ ಹಾಗೆಯೇ ಅನ್ವಯಿಸಿದರೆ ಯಾರ ಮನೆಯಲ್ಲಿಯೂ ಒಲೆ ಉರಿಯುವುದಿಲ್ಲ. ಆದರೂ ಬಾಡಿಗೆಯ ಹಣದೊಳಗೆ ಹಿಂಸೆಯ ಅಂಶ ಸೇರಬಹುದು, ಅದನ್ನು ಕಡಮೆ ಮಾಡುವುದು ದುಡಿಯುವವನ ವ್ರತ ಎಂಬ ಸೂಕ್ಷ್ಮವನ್ನು ಅಷ್ಟು ಹಿಂದೆಯೇ ಗುರುತಿಸಿದ ದೃಷ್ಟಿ ದೊಡ್ಡದು. ಗೃಹಸ್ಥನು ತನ್ನ ಸಂಪತ್ತಿಗೆ ತಾನೇ ಒಂದು ಮಿತಿ ಹಾಕಿಕೊಳ್ಳುವ ಪರಿಗ್ರಹ ಪರಿಮಾಣ ಎಂಬ ಜೈನ ಅಣುವ್ರತವನ್ನು ಲಾರಿಯ ವಿಷಯಕ್ಕೆ ತಂದರೆ, ಆ ಮಿತಿ ಲಾರಿಯ ಬಾಡಿಯ ಮೇಲೆಯೇ ತೂಕದ ಲೆಕ್ಕದಲ್ಲಿ ಬರೆದಿರುತ್ತದೆ.

ಓವರ್‌ಲೋಡಿನ ಪಾಪವನ್ನು ಚಾಲಕನೊಬ್ಬನ ತಲೆಗೆ ಕಟ್ಟುವ ರೂಢಿಯನ್ನು ಮಾತ್ರ ಒಪ್ಪಲಾಗದು. ಹೆಚ್ಚು ಹೇರಲು ಹೇಳುವವನು ಸರಕಿನ ಯಜಮಾನ. ಹೇರದಿದ್ದರೆ ಲೋಡು ಬೇರೆ ಲಾರಿಗೆ ಹೋಗುತ್ತದೆ. ಲಾರಿ ಸಾಹುಕಾರನದಾದರೆ ಚಾಲಕನ ಕೆಲಸವೇ ಹೋಗುತ್ತದೆ. ಬಿಲ್ಲಿಲ್ಲದ ಅಡಿಕೆ, ಪರ್ಮಿಟ್ಟಿಲ್ಲದ ಮರಳು, ಪಾಸಿಲ್ಲದ ನಾಟಾ ಇವುಗಳ ವಿಷಯವೂ ಹೀಗೆಯೇ. ಐವತ್ತು ಸಾವಿರ ರೂಪಾಯಿಗೆ ಮೀರಿದ ಸರಕಿಗೆ ಜಿಎಸ್‌ಟಿ ನಿಯಮದಂತೆ ಇ-ವೇ ಬಿಲ್ ಎಂಬ ಸಾಗಣೆ ಪತ್ರ ಇರಬೇಕು. ಕೆಲವೇ ಮೂಟೆ ಅಡಿಕೆಯ ಬೆಲೆ ಆ ಮಿತಿಯನ್ನು ದಾಟುತ್ತದೆ. ತೆರಿಗೆ ತಪ್ಪಿಸಿದ ಲಾಭ ವರ್ತಕನ ಪಾಲಿಗೆ ಹೋದರೆ, ರಾತ್ರಿ ತಪಾಸಣೆಯಲ್ಲಿ ಸಿಕ್ಕಿಬಿದ್ದು ಠಾಣೆಯಲ್ಲಿ ಕುಳಿತುಕೊಳ್ಳುವುದು ಚಾಲಕನ ಪಾಲಿಗೆ ಬರುತ್ತದೆ.

ಗಾಡಿಯ ವಿಷಯದಲ್ಲಿ ಹೊಣೆಯನ್ನು ಹಂಚುವ ಪ್ರಯತ್ನವನ್ನು ಧರ್ಮಶಾಸ್ತ್ರವೇ ಮಾಡಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ನೊಗ ಮುರಿದಾಗ, ಅಚ್ಚು ಮುರಿದಾಗ, ಚಕ್ರ ಒಡೆದಾಗ, ದಾರಿ ಬಿಡಿರೆಂದು ಚಾಲಕ ಕೂಗಿ ಹೇಳಿದ್ದಾಗ ಆದ ಅಪಘಾತಕ್ಕೆ ದಂಡವಿಲ್ಲವೆಂದು ಹೇಳಲಾಗಿದೆ. ಕುಶಲನಲ್ಲದವನನ್ನು ನೇಮಿಸಿದ್ದರಿಂದ ಹಾನಿಯಾದರೆ ಗಾಡಿಯ ಒಡೆಯನಿಗೆ ಇನ್ನೂರು ಪಣ ದಂಡ, ಚಾಲಕ ಕುಶಲನಾಗಿದ್ದೂ ತಪ್ಪಿದರೆ ಚಾಲಕನಿಗೇ ದಂಡ ಎಂಬ ವಿವೇಚನೆಯೂ ಅಲ್ಲಿದೆ. ಮನುಷ್ಯರನ್ನು ಹುಟ್ಟಿನಿಂದ ಮೇಲು ಕೀಳೆಂದು ವಿಂಗಡಿಸಿದ ಆ ಗ್ರಂಥವನ್ನು ಇಂದು ಒಟ್ಟಾಗಿ ಒಪ್ಪಲು ಸಾಧ್ಯವೇ ಇಲ್ಲ. ಆದರೆ ಹಣ ಯಾರಿಗೆ ಸೇರುತ್ತದೋ ಹೊಣೆಯೂ ಅವರನ್ನು ಹಿಂಬಾಲಿಸಬೇಕೆಂಬ ಈ ಒಂದು ಎಳೆ ನ್ಯಾಯವಾದದ್ದು. 1988ರ ಮೋಟಾರು ವಾಹನ ಕಾಯ್ದೆಯೂ ಹೆಚ್ಚು ಭಾರ ಹೇರಿದ ವಾಹನವನ್ನು ಓಡಿಸುವವನ ಜೊತೆಗೆ ಓಡಿಸಲು ಕಾರಣನಾದವನನ್ನೂ ಬಿಟ್ಟುಕೊಟ್ಟವನನ್ನೂ ಹೊಣೆ ಮಾಡುತ್ತದೆ. 2019ರ ತಿದ್ದುಪಡಿಯಿಂದ ದಂಡ 20,000 ರೂಪಾಯಿಗೂ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿಗೂ ಏರಿದೆ. ಕಾನೂನು ಮೂವರನ್ನು ಹೆಸರಿಸಿದರೂ ದಾರಿಯಲ್ಲಿ ಕೈಗೆ ಸಿಗುವವನು ಒಬ್ಬನೇ.

ದುಡಿಮೆಯ ಗಂಟೆಗಳ ಮಾತೂ ಇದಕ್ಕೆ ಸೇರಿದ್ದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಯ ಮಿತಿಯನ್ನು ಹಾಕಿತು. ಆದರೆ ಅದು ಅನ್ವಯವಾದದ್ದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದು ಎರಡು ಲಾರಿಗಳ ಸಾಹುಕಾರರೇ ಹೆಚ್ಚಾಗಿರುವ ಮಲೆನಾಡಿನಲ್ಲಿ ಚಾಲಕನ ನಿದ್ರೆಯನ್ನು ಕಾಯಲು ಕಾನೂನು ಬರುವುದು ಅಪರೂಪ, ಟ್ರಿಪ್ಪಿನ ಲೆಕ್ಕದಲ್ಲಿ ಬಾಟಾ ಸಿಗುವುದರಿಂದ ನಿದ್ರೆ ಕೆಟ್ಟಷ್ಟೂ ಗಳಿಕೆ ಹೆಚ್ಚು ಎಂಬ ಸ್ಥಿತಿಯಿದೆ. ದೇಹವನ್ನು ಧರ್ಮಸಾಧನೆಯ ಮೊದಲ ಉಪಕರಣವೆಂದು ಕರೆದ ಸಂಸ್ಕೃತಿಯಲ್ಲಿ ಹೀಗೆ ಗಳಿಸಿದ ಹಣವನ್ನು ಪೂರ್ತಿ ಲಾಭವೆಂದು ಎಣಿಸಬಾರದು. ಅದರಲ್ಲಿ ಒಂದು ಭಾಗ ಆಯುಷ್ಯವನ್ನು ಮಾರಿ ತಂದದ್ದು.

ಇನ್ನು ಸಾಲ. ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಬರುತ್ತಾನೆಂಬ ಕಲ್ಪನೆ ವೇದಕಾಲದ್ದು. ಹಣದ ಸಾಲಕ್ಕೆ ಮಾತ್ರ ಅದೇ ಪರಂಪರೆ ಒಂದು ಮೇಲ್ಮಿತಿಯನ್ನು ಹಾಕಿತು: ಒಮ್ಮೆಲೇ ವಸೂಲು ಮಾಡುವ ಬಡ್ಡಿ ಸೇರಿ ಮೊತ್ತ ಅಸಲಿನ ಇಮ್ಮಡಿಯನ್ನು ಮೀರಬಾರದು ಎಂಬ ಈ ನಿಯಮ ಮುಂದೆ ದಾಮದುಪ್ಪಟ್ಟು ಎಂಬ ಹೆಸರಿನಿಂದ ಹಿಂದೂ ಕಾನೂನಿನಲ್ಲಿ ಉಳಿದುಬಂದಿತು. ಬಡ್ಡಿಯನ್ನೇ ನಿಷೇಧಿಸಿದ ಇಸ್ಲಾಮಿನ ಅನುಯಾಯಿಯಾದ ಚಾಲಕನಿಗೆ ಫೈನಾನ್ಸಿನ ಲಾರಿಯ ಪ್ರತಿ ಕಂತೂ ಮನಸ್ಸಿನ ಒಂದು ಮುಳ್ಳು. ಬಡ್ಡಿ ತೆಗೆದುಕೊಳ್ಳುವವನಿಗೂ ಬೇರೆ ದಾರಿಯಿಲ್ಲದೆ ಕೊಡುವವನಿಗೂ ಇರುವ ಅಂತರವನ್ನು ಗುರುತಿಸುವ ಕರುಣೆ ಎಲ್ಲ ಧರ್ಮಗಳ ವಿಚಾರಕರಿಂದಲೂ ಬರಬೇಕಾಗಿದೆ. ಮೂರು ಕಂತು ತಪ್ಪಿದಾಗ ಲಾರಿ ಸೀಜ್ ಆಗುವ ಭಯವೇ ಹಲವು ವೇಳೆ ಓವರ್‌ಲೋಡಿನ, ನಿದ್ರೆಗೇಡಿನ, ಬಿಲ್ಲಿಲ್ಲದ ಸರಕಿನ ಹಿಂದೆ ಇರುತ್ತದೆ. ಸಣ್ಣ ಸಾಲಗಾರರ ಮೇಲಿನ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ 2025ರಲ್ಲಿ ಕಾನೂನು ತಂದದ್ದು ಸರಿಯಾದ ಹೆಜ್ಜೆ. ಆದರೆ ಸಾಲಕ್ಕೆ ಕೈಚಾಚುವ ಮೊದಲೇ ಮಳೆಗಾಲದ ನಾಲ್ಕು ತಿಂಗಳ ಕಂತನ್ನು ಲೆಕ್ಕಕ್ಕೆ ಹಿಡಿಯದೆ ಲಾರಿ ಕೊಳ್ಳುವುದು, ಕೊಳ್ಳುವವನಿಗೂ ಸಾಲ ಕೊಡುವವನಿಗೂ ಸಮನಾದ ತಪ್ಪು.

ಗಳಿಕೆಯನ್ನೂ ಹೊಣೆಯನ್ನೂ ಒಟ್ಟಿಗೆ ಹಂಚಿಕೊಳ್ಳುವ ಒಂದು ಪ್ರಯೋಗ ಇದೇ ಸೀಮೆಯಲ್ಲಿ ನಡೆಯಿತು. ಕೊಪ್ಪದ ಖಾಸಗಿ ಬಸ್ ಕಂಪನಿಯೊಂದು ಮುಚ್ಚಿದಾಗ ಕೆಲಸ ಕಳೆದುಕೊಂಡ ಚಾಲಕರು, ನಿರ್ವಾಹಕರು, ಮೆಕ್ಯಾನಿಕ್‌ಗಳು 1991ರಲ್ಲಿ ತಾವೇ ಸೇರಿ ಸಹಕಾರ ಸಂಘ ಕಟ್ಟಿಕೊಂಡು ಬಸ್ ಓಡಿಸಲು ಮುಂದಾದರು. ಸಹಕಾರ ಸಾರಿಗೆ ಎಂಬ ಹೆಸರಿನ ಆ ಬಸ್ಸುಗಳು ಕೆಲವೇ ವಾಹನಗಳಿಂದ ಆರಂಭವಾಗಿ ಮಲೆನಾಡಿನ ಮೂಲೆಮೂಲೆಯ ಹಳ್ಳಿಗಳನ್ನು ಮುಟ್ಟಿದವು. ಅವು ಸರಕಿನ ಲಾರಿಗಳಲ್ಲವಾದರೂ ಸ್ಟೇರಿಂಗ್ ಹಿಡಿದವನೇ ಸಂಸ್ಥೆಯ ಪಾಲುದಾರ, ಡೀಸೆಲ್ಲಿನ ಖರ್ಚೂ ಟೈರಿನ ಸವೆತವೂ ತನ್ನದೇ ಲೆಕ್ಕ ಎಂಬ ಸ್ಥಿತಿ ಇಲ್ಲಿ ವಾಸ್ತವವಾಯಿತು. ಕಾಯಕ ದಾಸೋಹಗಳನ್ನು ವೇದಿಕೆಯ ಮೇಲೆ ಕೊಂಡಾಡುವ ನಾಡಿನಲ್ಲಿ ಅವೆರಡನ್ನೂ ಒಂದು ಬಸ್ ನಿಲ್ದಾಣದ ದಿನನಿತ್ಯದ ವ್ಯವಹಾರಕ್ಕೆ ಇಳಿಸಿದವರು ಈ ಕಾರ್ಮಿಕರು; ಮಲೆನಾಡಿನ ಧರ್ಮಚರಿತ್ರೆಯನ್ನು ಬರೆಯುವವರು ಪೀಠಗಳ ಜೊತೆಗೆ ಇವರನ್ನೂ ಬರೆಯಬೇಕು. ಮೂರು ದಶಕಕ್ಕೆ ಸ್ವಲ್ಪ ಕಡಮೆಯಾದಷ್ಟು ಕಾಲ ನಡೆದ ಸಂಸ್ಥೆ, ಏರುವ ಖರ್ಚಿಗೂ ಬರುವ ವರಮಾನಕ್ಕೂ ತಾಳೆಯಾಗದೆ ನಷ್ಟಕ್ಕೆ ಸಿಲುಕಿ 2020ರ ಫೆಬ್ರುವರಿಯಲ್ಲಿ ಓಡಾಟ ನಿಲ್ಲಿಸಿತು. ಹಂಚಿಕೆಯ ಶುದ್ಧಿಯೊಂದೇ ಸಂಸ್ಥೆಯನ್ನು ಉಳಿಸಲಾರದೆಂಬುದು ಇದರಿಂದ ತಿಳಿಯುತ್ತದೆಯೇ ಹೊರತು, ಆ ಶುದ್ಧಿ ತಪ್ಪಾಗಿತ್ತೆಂದು ತಿಳಿಯುವುದಿಲ್ಲ. ಲಾರಿ ಚಾಲಕರಿಗೆ ಅಂಥ ಒಂದು ಸಂಘ, ಕಡೆಯ ಪಕ್ಷ ಟೈರು ಮತ್ತು ಇನ್ಶೂರೆನ್ಸಿಗೆ ಒಟ್ಟಾಗಿ ಹಣ ಕೂಡಿಡುವ ಒಂದು ನಿಧಿ, ಈ ಮೂರು ತಾಲ್ಲೂಕುಗಳಲ್ಲಿ ಈಗಲೂ ಸಾಧ್ಯವಿದೆ, ಅಗತ್ಯವೂ ಇದೆ.

ಸಂಘ ಕಟ್ಟುವುದಕ್ಕೆ ವರ್ಷಗಳು ಬೇಕು. ಅಷ್ಟು ಕಾಯದೆ ನಾಳೆಯೇ ಮಾಡಬಹುದಾದ ಒಂದು ಕೆಲಸವಿದೆ, ಅದು ಚಾಲಕನ ಕೈಯಲ್ಲಿಲ್ಲ. ಸರಕು ಇಳಿಸಿಕೊಂಡವರು ಬಾಡಿಗೆಯನ್ನು ಮುಂದಿನ ವಾರಕ್ಕೆ, ಮುಂದಿನ ಲೋಡಿಗೆ ಎಂದು ತಳ್ಳುವ ವಾಡಿಕೆ ಎಲ್ಲೆಡೆಯಂತೆ ಮಲೆನಾಡಿನಲ್ಲಿಯೂ ಇದೆ. ಆ ಬಾಕಿಯ ದಿನಗಳಿಗೆ ಡೀಸೆಲ್ ಹಾಕಿಸಲು ಚಾಲಕ ಬಡ್ಡಿಗೆ ಹಣ ತರುತ್ತಾನೆ, ಅಂದರೆ ಸರಕಿನ ಯಜಮಾನನ ವ್ಯಾಪಾರಕ್ಕೆ ಬಡವನೇ ಬಂಡವಾಳ ಹೂಡಿದಂತಾಗುತ್ತದೆ. ಈ ವಿಷಯದಲ್ಲಿ ಧರ್ಮಗಳ ನಡುವೆ ಭಿನ್ನಮತವಿಲ್ಲ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಬೈಬಲ್ಲಿನ ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯ ವಿಧಿಸುತ್ತದೆ. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಅರ್ಥದ ಮಾತು ಹದೀಸ್ ಸಂಗ್ರಹಗಳಲ್ಲಿದೆ. ಶರಣರ ಸತ್ಯಶುದ್ಧ ಕಾಯಕದ ಕಲ್ಪನೆ ಕಾಯಕ ಮಾಡಿಸಿಕೊಳ್ಳುವವನಿಗೂ ಅಷ್ಟೇ ಅನ್ವಯಿಸುತ್ತದೆ. ಪೀಠಗಳಿಗೆ, ಬಸದಿಗೆ, ಮಸೀದಿ ಚರ್ಚುಗಳಿಗೆ ಭಕ್ತಿಯಿಂದ ನಡೆದುಕೊಳ್ಳುವ ಬೆಳೆಗಾರರೂ ವರ್ತಕರೂ ಮಂಡಿಯ ಸಾಹುಕಾರರೂ ಈ ಸೀಮೆಯಲ್ಲಿ ಬಹಳ ಜನರಿದ್ದಾರೆ. ಕಾಣಿಕೆ ಹಾಕುವ ಮೊದಲು ಅವರು ಯಾವ ಲಾರಿಯವನ ಬಾಡಿಗೆ ಬಾಕಿಯಿದೆಯೆಂದು ಪುಸ್ತಕ ತೆಗೆದು ನೋಡಲಿ, ಬಾಕಿಯಿದ್ದರೆ ಅದನ್ನು ಮೊದಲು ತೀರಿಸಲಿ. ಇನ್ನು ಮುಂದೆ ಲೋಡು ಇಳಿದ ದಿನವೇ ಬಾಡಿಗೆ ಎಂಬ ನಿಯಮವನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ವರ್ತಕ ಸಂಘಗಳೂ ಬೆಳೆಗಾರರ ಸಂಘಗಳೂ ಸಭೆ ಸೇರಿ ಗೊತ್ತುಮಾಡಲಿ.